ರಿಯಲ್-ಟೈಮ್ ಸ್ಟ್ರಾಟಜಿ ಆಟಗಳಲ್ಲಿ ಕ್ಯಾಮೆರಾ ಕೋನ

ಸರದಿಗಾಗಿ ಕಾಯದೆ, ಎದುರಾಳಿಗಳು ಏಕಕಾಲಕ್ಕೆ ನೆಲೆ ಕಟ್ಟುತ್ತ, ಸಂಪತ್ತು ಕೂಡಿಸುತ್ತ, ಸೈನ್ಯ ನಡೆಸುತ್ತ ಆಡುವ ಕಂಪ್ಯೂಟರ್ ಆಟಗಳನ್ನು ರಿಯಲ್-ಟೈಮ್ ಸ್ಟ್ರಾಟಜಿ ಆಟಗಳು ಎನ್ನುತ್ತಾರೆ. ಆರ್‌ಟಿಎಸ್ ಎಂಬುದು ರೂಢಿಯ ಹೆಸರು. ಇವುಗಳಲ್ಲಿ ಆಡುವವರಿಗೆ ಸಾಮಾನ್ಯವಾಗಿ ರಣರಂಗದೊಳಗೆ ಸ್ವಂತ ಪಾತ್ರ ಇರುವುದಿಲ್ಲ. ಮೇಲಿನಿಂದ ನೋಡುವ ಒಂದು ಕ್ಯಾಮೆರಾ ಇರುತ್ತದೆ. ಅದು ತೋರಿಸಿದ ಜಾಗಕ್ಕೆ ಮೌಸ್‌ನಿಂದ ಅಪ್ಪಣೆ ಹೋಗುತ್ತದೆ. ಆ ಕ್ಯಾಮೆರಾದ ಎತ್ತರ, ಅದು ನೆಲದತ್ತ ಬಾಗಿದ ಕೋನ, ಮುಖ ಮಾಡಿದ ದಿಕ್ಕು, ನೋಟದ ಅಗಲ ಇವನ್ನೆಲ್ಲ ಆಡುವವರೇ ಬದಲಿಸಿಕೊಳ್ಳಲು ಬಿಡಬೇಕೆ, ಬಿಟ್ಟರೆ ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆ ಮೂರು ಆಯಾಮದ ಚಿತ್ರಣ ಬಂದ ಕಾಲದಿಂದಲೂ ಆಟ ರಚಿಸುವವರ ಮುಂದಿದೆ. ಮೂರು ದಶಕಗಳ ಆಟಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಸಾಕಷ್ಟು ಸ್ಪಷ್ಟವಾಗಿಯೇ ಇದೆ. ಎತ್ತರ, ಮರೆ, ವಿಸ್ತಾರ ಇವು ಗೆಲುವು ಸೋಲನ್ನು ತೀರ್ಮಾನಿಸುವ ಆಟದಲ್ಲಿ ಹೊಂದಿಸಬಲ್ಲ ಕ್ಯಾಮೆರಾ ಬೇಕೇ ಬೇಕು. ಅವು ತೀರ್ಮಾನಿಸದ ಆಟದಲ್ಲಿ ಅದು ಕೈಗೂ ಕಣ್ಣಿಗೂ ಹೊರೆ. ಹೊಂದಾಣಿಕೆಗಳಲ್ಲೂ ಹಿಂದೆ ಮುಂದೆ ಸರಿಸುವ ಜೂಮ್‌ನಿಂದ ಆಗುವ ಉಪಕಾರ ಸುತ್ತ ತಿರುಗಿಸುವುದರಿಂದ ಆಗುವುದಕ್ಕಿಂತ ಬಹಳ ದೊಡ್ಡದು.

ಸ್ಥಿರ ಕೋನದ ಕಾಲ

ಈ ಪ್ರಕಾರಕ್ಕೆ ಅಚ್ಚು ಹಾಕಿಕೊಟ್ಟ ವೆಸ್ಟ್‌ವುಡ್ ಸ್ಟುಡಿಯೋಸ್‌ನ ಡ್ಯೂನ್ 2 (1992), ಅದರ ಬೆನ್ನಿಗೇ ಬಂದ ಬ್ಲಿಝಾರ್ಡ್‌ನ ವಾರ್‌ಕ್ರಾಫ್ಟ್ (1994), ವೆಸ್ಟ್‌ವುಡ್‌ನದೇ ಆದ ಕಮಾಂಡ್ ಅಂಡ್ ಕಾಂಕರ್ (1995) ಮೂರರಲ್ಲೂ ಕ್ಯಾಮೆರಾವನ್ನು ನಾಲ್ಕು ದಿಕ್ಕಿಗೆ ಸರಿಸಬಹುದಿತ್ತು, ಅಷ್ಟೆ. ತಿರುಗಿಸುವಂತಿಲ್ಲ, ಬಾಗಿಸುವಂತಿಲ್ಲ. ಇದಕ್ಕೆ ಕಾರಣ ಯಂತ್ರದ ಮಿತಿ. ಸೈನಿಕ, ಟ್ಯಾಂಕು, ಕಟ್ಟಡ ಎಲ್ಲವೂ ಮೊದಲೇ ಬರೆದಿಟ್ಟ ಚಪ್ಪಟೆ ಚಿತ್ರಗಳು. ಇವಕ್ಕೆ ಸ್ಪ್ರೈಟ್ ಎಂದು ಹೆಸರು. ಸ್ಟಾರ್‌ಕ್ರಾಫ್ಟ್ (1998) 16 ಮೆಗಾಬೈಟ್ ಮೆಮೊರಿಯ ಕಂಪ್ಯೂಟರಿನಲ್ಲಿ, 640 ಅಡ್ಡ, 480 ಉದ್ದದ ಪರದೆಯಲ್ಲಿ ಓಡುವಂತೆ ಮಾಡಿದ ಆಟ. ಅದರಲ್ಲಿ ಒಂದು ಸೈನಿಕ ಘಟಕ 32 ದಿಕ್ಕುಗಳಿಗೆ ತಿರುಗಬಲ್ಲದು. ಆದರೆ ಬರೆದಿರುವುದು 17 ದಿಕ್ಕುಗಳ ಚಿತ್ರ ಮಾತ್ರ. ಉಳಿದವು ಅವುಗಳದೇ ಕನ್ನಡಿ ಬಿಂಬ. ಕಟ್ಟಡಗಳಿಗಂತೂ ಇರುವುದೇ ಒಂದು ಮುಖ. ಕ್ಯಾಮೆರಾ ತಿರುಗಿತೆಂದರೆ ಬ್ಯಾರಕ್‌ನ ಹಿಂಭಾಗವನ್ನು ಯಾರಾದರೂ ಬರೆದಿರಬೇಕಲ್ಲ! ಸಿಮ್‌ಸಿಟಿ 2000, ರೋಲರ್‌ಕೋಸ್ಟರ್ ಟೈಕೂನ್ ಮುಂತಾದ ನಿರ್ಮಾಣದ ಆಟಗಳು ಕಾಲು ಸುತ್ತಿನಂತೆ ನಾಲ್ಕು ದಿಕ್ಕುಗಳಿಗೆ ನೋಟ ತಿರುಗಿಸಲು ಬಿಟ್ಟವು. ಕದನದ ಆಟಗಳು ಆ ಖರ್ಚಿಗೆ ಹೋಗಲಿಲ್ಲ.

ಸ್ಥಿರ ಕೋನವೆಂದರೂ ಎಲ್ಲ ಆಟಗಳ ಕೋನ ಒಂದೇ ಅಲ್ಲ. ಯಾವ ಕೋನ ಎಂಬುದರಿಂದ ಆಟ ಆಡುವ ರೀತಿಯೇ ಬದಲಾಗುತ್ತದೆ. ಎನ್ಸೆಂಬಲ್ ಸ್ಟುಡಿಯೋಸ್‌ನ ಏಜ್ ಆಫ್ ಎಂಪೈರ್ಸ್ (1997) ನೆಲದ ಚೌಕಗಳನ್ನು ಅಗಲ ಎರಡು, ಎತ್ತರ ಒಂದು ಪ್ರಮಾಣದ ವಜ್ರಾಕೃತಿಯಾಗಿ ತೋರಿಸುತ್ತದೆ. ಕ್ಯಾಮೆರಾವನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ಸಮತಲದಿಂದ 30 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಬರುವ ನೋಟ ಇದು. ತ್ರಿಕೋನಮಿತಿಯ ಲೆಕ್ಕ ಹಿಡಿದು ನೋಡಿದರೆ, ಈ ಕೋನದಲ್ಲಿ ನೆಲದ ಆಳ ಪರದೆಯ ಮೇಲೆ ಅರ್ಧಕ್ಕೆ ಕುಗ್ಗುತ್ತದೆ. ನೆಟ್ಟಗೆ ನಿಂತ ಗೋಡೆ, ಮರಗಳ ಎತ್ತರ ಮಾತ್ರ ನೂರಕ್ಕೆ 87ರಷ್ಟು ಉಳಿಯುತ್ತದೆ. ಹಾಗಾಗಿ ಕೋಟೆ, ದೇವಾಲಯ, ಮಾರುಕಟ್ಟೆಗಳು ನೋಡಲು ಅಂದ. ಅದೇ ಕಾರಣಕ್ಕೆ ಅವುಗಳ ಹಿಂದೆ ನಿಂತವರು ಕಾಣುವುದೂ ಇಲ್ಲ. ಏಜ್ ಆಫ್ ಎಂಪೈರ್ಸ್ 2 (1999) ಈ ತೊಂದರೆಗೆ ಕ್ಯಾಮೆರಾ ಮುಟ್ಟದೆಯೇ ಪರಿಹಾರ ಹುಡುಕಿತು. ಕಟ್ಟಡದ ಹಿಂದೆ ಹೋದ ಸೈನಿಕರ ಹೊರಗೆರೆಯನ್ನು ಅವರ ಪಕ್ಷದ ಬಣ್ಣದಲ್ಲಿ ಮೂಡಿಸಿತು. ಕಾಡಿನ ಮರೆ ಆಮೇಲೂ ಉಳಿಯಿತು. ಮರಗಳನ್ನೆಲ್ಲ ಕುಳ್ಳಗೆ ಮಾಡುವ ಮಾಡ್ ಒಂದನ್ನು, ಎಂದರೆ ಆಟವನ್ನು ಮಾರ್ಪಡಿಸುವ ಸೇರ್ಪಡೆಯನ್ನು, ಪಂದ್ಯಾವಳಿಯ ಆಟಗಾರರು ಇವತ್ತಿಗೂ ಹಾಕಿಕೊಳ್ಳುತ್ತಾರೆ. ಕ್ಯಾಮೆರಾ ತಿರುಗದ ಲೋಕದಲ್ಲಿ ಮರವೇ ತಗ್ಗಬೇಕಾಯಿತು.

ಸ್ಥಿರ ಕೋನದಿಂದ ಸಿಗುವ ದೊಡ್ಡ ಲಾಭ ನೆನಪಿನದು. ಉತ್ತರ ಯಾವಾಗಲೂ ಮೇಲೆಯೇ ಇರುತ್ತದೆ. ನಮ್ಮ ನೆಲೆಯ ಏರುದಾರಿ ಪರದೆಯ ಯಾವ ಮೂಲೆಗೆ ಬರುತ್ತದೆಂದು ಕೈಗೇ ಗೊತ್ತಾಗಿಬಿಡುತ್ತದೆ. ಸ್ಟಾರ್‌ಕ್ರಾಫ್ಟ್‌ನಲ್ಲಿ ಶಿಫ್ಟ್ ಜೊತೆ ಎಫ್2, ಎಫ್3, ಎಫ್4 ಒತ್ತಿ ಮೂರು ಜಾಗಗಳನ್ನು ಗುರುತಿಟ್ಟುಕೊಂಡರೆ ಮುಂದೆ ಆ ಕೀಲಿ ಒತ್ತಿದಾಗ ಕ್ಯಾಮೆರಾ ಒಮ್ಮೆಗೇ ಅಲ್ಲಿರುತ್ತದೆ. ನುರಿತವರು ಗಡಿಯಲ್ಲಿ ಕದನ ನಡೆಸುತ್ತಲೇ ಅರೆಕ್ಷಣ ಮನೆಗೆ ಹಾರಿ, ಎರಡು ಕ್ಲಿಕ್ಕಿನಲ್ಲಿ ಹೊಸ ಕಾರ್ಮಿಕನನ್ನು ತಯಾರಿಗೆ ಹಚ್ಚಿ, ಶತ್ರು ಇನ್ನೊಂದು ಸುತ್ತು ಗುಂಡು ಹಾರಿಸುವುದರೊಳಗೆ ಗಡಿಗೆ ಮರಳಿರುತ್ತಾರೆ. ಹಾರಿದ ಕಡೆಯಲ್ಲೆಲ್ಲ ನೋಟದ ಕೋನ ಒಂದೇ ಇರುವುದರಿಂದ ಈ ವೇಗ ಸಾಧ್ಯ. ಪ್ರತಿ ಸಲ ದಿಕ್ಕು ಬೇರೆಯಾದರೆ ಕಣ್ಣು ಮೊದಲು ದಾರಿ ಹುಡುಕಬೇಕು, ಆಮೇಲೆ ಕೆಲಸ.

ನೆಲಕ್ಕೆ ಎತ್ತರ ಬಂದಾಗ

1997ರಲ್ಲಿ ಎರಡು ಆಟಗಳು ನೆಲದ ಏರಿಳಿತವನ್ನು ಯುದ್ಧದ ಲೆಕ್ಕಕ್ಕೆ ನಿಜವಾಗಿ ತಂದವು. ಕ್ರಿಸ್ ಟೇಲರ್ ನೇತೃತ್ವದಲ್ಲಿ ಕೇವ್‌ಡಾಗ್ ತಯಾರಿಸಿದ ಟೋಟಲ್ ಅನಿಹಿಲೇಷನ್‌ನಲ್ಲಿ ಯೂನಿಟ್‌ಗಳು ಮೂರು ಆಯಾಮದವು, ಫಿರಂಗಿಯ ಗುಂಡು ಗುಡ್ಡಕ್ಕೆ ಬಡಿದರೆ ಅಲ್ಲೇ ಸಿಡಿಯುತ್ತದೆ. ಕ್ಯಾಮೆರಾ ಮಾತ್ರ ಹಳೆಯ ಸ್ಥಿರ ನೋಟದ್ದೇ. ಅಡ್ಡ ಬಂದ ಗುಡ್ಡ ಎಷ್ಟು ಎತ್ತರ ಎಂದು ಚಿತ್ರ ನೋಡಿ ಅಂದಾಜು ಮಾಡಬೇಕಿತ್ತು. ಅದೇ ವರ್ಷ ಬಂಗೀ ಸಂಸ್ಥೆಯ ಮಿಥ್: ದಿ ಫಾಲನ್ ಲಾರ್ಡ್ಸ್ ಕ್ಯಾಮೆರಾವನ್ನು ಸುತ್ತಿಸಿ, ಹತ್ತಿರ ದೂರ ಮಾಡಲು ಬಿಟ್ಟಿತು. ಅದರ ಸೈನಿಕರು ಇನ್ನೂ ಸ್ಪ್ರೈಟ್‌ಗಳೇ, ನೆಲ ಮಾತ್ರ ಪೂರ್ತಿ ಮೂರು ಆಯಾಮದ್ದು. ನೆಲೆ ಕಟ್ಟುವ ಕೆಲಸ ಅದರಲ್ಲಿರಲಿಲ್ಲ. ಇದ್ದದ್ದು ಕೈಗೆ ಕೊಟ್ಟ ಒಂದಿಷ್ಟು ಮಂದಿ ಮತ್ತು ಅವರನ್ನು ನಿಲ್ಲಿಸುವ ಜಾಗ.

ಮಿಥ್‌ನಲ್ಲಿ ಬೆಂಕಿಬಾಟಲಿ ಎಸೆಯುವ ಕುಬ್ಜರಿದ್ದಾರೆ. ಕುಬ್ಜನನ್ನು ಇಳಿಜಾರಿನ ಮೇಲ್ತುದಿಯಲ್ಲಿ ನಿಲ್ಲಿಸಿದರೆ ಅವನ ಬಾಟಲಿ ದೂರ ಹೋಗಿ ಶತ್ರುಗಳ ನಡುವೆ ಸಿಡಿಯುತ್ತದೆ. ಕೆಳಗೆ ನಿಲ್ಲಿಸಿ ಮೇಲಕ್ಕೆ ಎಸೆಯಲು ಹೇಳಿದರೆ ಅದು ದಿಬ್ಬಕ್ಕೆ ತಾಗಿ ಉರುಳುತ್ತ ಹಿಂದಕ್ಕೆ ಬಂದು ನಮ್ಮವರನ್ನೇ ಸುಡಬಹುದು. ನೇರ ಮೇಲಿನಿಂದ ನೋಡಿದಾಗ ಇವೆರಡು ಜಾಗಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಕ್ಯಾಮೆರಾವನ್ನು ಪಕ್ಕಕ್ಕೆ ತಂದು ತಗ್ಗಿಸಿದೊಡನೆ ಇಳಿಜಾರು ಕಣ್ಣಿಗೆ ಬೀಳುತ್ತದೆ. ಕೋನ ಬದಲಿಸುವುದರ ಉಪಯೋಗಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ. ಇಲ್ಲಿ ತಿರುಗಿಸುವುದು ಅಂದ ನೋಡುವುದಕ್ಕಲ್ಲ, ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದಕ್ಕೆ.

ರೆಲಿಕ್ ಸಂಸ್ಥೆಯ ಹೋಮ್‌ವರ್ಲ್ಡ್ (1999) ನೆಲವನ್ನೇ ತೆಗೆದುಹಾಕಿತು. ಅಂತರಿಕ್ಷದಲ್ಲಿ ಮೇಲು ಕೆಳಗು ಇಲ್ಲ, ದಿಗಂತ ಇಲ್ಲ, ಕಣ್ಣಿಗೆ ಆಸರೆಯಾಗುವ ಗುಡ್ಡ, ಮರಗಳಿಲ್ಲ. ಕ್ಯಾಮೆರಾವನ್ನು ಸ್ವಚ್ಛಂದವಾಗಿ ಹಾರಲು ಬಿಟ್ಟಿದ್ದರೆ ಆಡುವವರು ಒಂದೆರಡು ನಿಮಿಷದಲ್ಲೇ ದಾರಿ ತಪ್ಪುತ್ತಿದ್ದರು. ಆದ್ದರಿಂದ ಕ್ಯಾಮೆರಾವನ್ನು ಸದಾ ಯಾವುದಾದರೂ ನೌಕೆಗೆ ಕಟ್ಟಿಹಾಕಿದರು. ಬಲ ಗುಂಡಿ ಒತ್ತಿ ಎಳೆದರೆ ಆ ನೌಕೆಯ ಸುತ್ತ ಯಾವ ಕೋನಕ್ಕೆ ಬೇಕಾದರೂ ಹೋಗಬಹುದು. ನೌಕೆಗಳನ್ನು ಕಳಿಸಲು ಎಂ ಕೀಲಿ ಒತ್ತಿದರೆ ಸಮತಲದ ಒಂದು ಬಿಲ್ಲೆ ಮೂಡುತ್ತದೆ. ಅದರ ಮೇಲೆ ಜಾಗ ಗೊತ್ತು ಮಾಡಿ, ಶಿಫ್ಟ್ ಹಿಡಿದು ಮೌಸ್ ಸರಿಸಿದರೆ ಎತ್ತರ ನಿಗದಿಯಾಗುತ್ತದೆ. ಸ್ಪೇಸ್‌ಬಾರ್ ಒತ್ತಿದರೆ ಇಡೀ ರಣರಂಗವನ್ನು ಚುಕ್ಕಿಗಳಲ್ಲಿ ತೋರಿಸುವ ಸೆನ್ಸರ್ಸ್ ಮ್ಯಾನೇಜರ್. ಶತ್ರುವಿನ ಪಡೆ ತಮ್ಮ ಪಡೆಯ ತಳದಿಂದ ಬರುತ್ತಿದೆಯೋ ನೆತ್ತಿಯಿಂದಲೋ ಎಂಬುದು ಕ್ಯಾಮೆರಾ ತಿರುಗಿಸಿದ ಹೊರತು ತಿಳಿಯುವಂತಿಲ್ಲ. ತಿರುಗುವ ಕ್ಯಾಮೆರಾ ಇಲ್ಲದೆ ಹೋಮ್‌ವರ್ಲ್ಡ್ ಎಂಬ ಆಟವೇ ಇಲ್ಲ.

ಇದೇ ವರ್ಷಗಳಲ್ಲಿ ಇನ್ನೊಂದು ತುದಿಯ ಪ್ರಯೋಗಗಳೂ ನಡೆದವು. ಬುಲ್‌ಫ್ರಾಗ್‌ನ ಡಂಜನ್ ಕೀಪರ್ (1997) ತನ್ನ ಯಾವುದೇ ಜೀವಿಯ ಕಣ್ಣಿಗೆ ಇಳಿದು ನೋಡಲು ಬಿಟ್ಟರೆ, ಆಕ್ಟಿವಿಷನ್‌ನ ಬ್ಯಾಟಲ್‌ಝೋನ್ (1998) ಸೇನಾಪತಿಯನ್ನೇ ಟ್ಯಾಂಕಿನೊಳಗೆ ಕೂರಿಸಿತು. ರೋಮಾಂಚನ ಹೆಚ್ಚಿತು, ಒಟ್ಟು ಚಿತ್ರ ಕೈತಪ್ಪಿತು.

ಬ್ಲಿಝಾರ್ಡ್ ಹಿಂದಕ್ಕೆಳೆದ ಕ್ಯಾಮೆರಾ

1999ರಲ್ಲಿ ವಾರ್‌ಕ್ರಾಫ್ಟ್ 3 ಮೊದಲು ಪ್ರಕಟವಾದಾಗ ಅದರ ಕ್ಯಾಮೆರಾ ನಾಯಕ ಪಾತ್ರದ ಬೆನ್ನ ಹಿಂದೆ, ನೆಲಕ್ಕೆ ಹತ್ತಿರವಾಗಿತ್ತು. ಆಟವನ್ನು ಪಾತ್ರ ಪ್ರಧಾನವಾದ ಸ್ಟ್ರಾಟಜಿ ಎಂದು ಪರಿಚಯಿಸಿದ್ದರು. 2002ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಕ್ಯಾಮೆರಾ ಮೇಲೇರಿ ಹಳೆಯ ಜಾಗಕ್ಕೆ ಬಂದಿತ್ತು. ಬೆನ್ನ ಹಿಂದಿನ ನೋಟದಲ್ಲಿ ಮುಂದಿನ ಸಾಲು ಮಾತ್ರ ಕಾಣುತ್ತದೆ. ಹಿಂಸಾಲಿನ ಮಂತ್ರವಾದಿಯನ್ನು ಹಿಡಿಯಲು, ಗಾಯಗೊಂಡವನನ್ನು ಹಿಂದಕ್ಕೆ ಕರೆಯಲು, ಪಕ್ಕದಿಂದ ಬರುವವರನ್ನು ತಡೆಯಲು ಮೇಲಿನ ನೋಟವೇ ಬೇಕು.

ಆ ಆಟದ ಜೊತೆಗೇ ಬಂದ ಮ್ಯಾಪ್ ಎಡಿಟರ್ ತೆರೆದು ಕ್ಯಾಮೆರಾದ ಮೂಲ ಅಳತೆ ನೋಡಿದರೆ ಕೋನ 304 ಡಿಗ್ರಿ ಎಂದಿರುತ್ತದೆ. ಎಂದರೆ ಸಮತಲದಿಂದ 56 ಡಿಗ್ರಿ ಕೆಳಕ್ಕೆ. ಎಂಟು ವರ್ಷಗಳ ನಂತರದ ಸ್ಟಾರ್‌ಕ್ರಾಫ್ಟ್ 2ರಲ್ಲೂ (2010) ಹೆಚ್ಚುಕಡಿಮೆ ಅದೇ 56. ಈ ಕೋನದಲ್ಲಿ ನೆಲದ ಆಳ ನೂರಕ್ಕೆ 83ರಷ್ಟು, ವಸ್ತುಗಳ ಎತ್ತರ 56ರಷ್ಟು ಕಾಣುತ್ತದೆ. ಏಜ್ ಆಫ್ ಎಂಪೈರ್ಸ್‌ನ 30 ಡಿಗ್ರಿಯ ಲೆಕ್ಕಕ್ಕೆ ಇದನ್ನು ಹೋಲಿಸಿದರೆ ಒಡನೆ ತಿಳಿಯುತ್ತದೆ: ಮರೆ ಕಡಿಮೆ, ನೆಲ ಹೆಚ್ಚು, ಆದರೂ ಸೈನಿಕನ ಮೈಕಟ್ಟು ಗುರುತಿಗೆ ಸಾಕಾಗುವಷ್ಟು ಉಳಿದಿದೆ. ಸ್ಟಾರ್‌ಕ್ರಾಫ್ಟ್ 2 ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೋಟದ ಅಗಲವನ್ನು ಸುಮಾರು 28 ಡಿಗ್ರಿಗೆ ಇಳಿಸಿ, ಕ್ಯಾಮೆರಾವನ್ನು ದೂರದಲ್ಲಿಟ್ಟಿತು. ಕಿರಿದಾದ ನೋಟದಿಂದ ದೂರ ನಿಂತು ನೋಡಿದಾಗ ಪರದೆಯ ಮೇಲಂಚಿನ ಸೈನಿಕನೂ ಕೆಳಅಂಚಿನ ಸೈನಿಕನೂ ಹೆಚ್ಚು ಕಡಿಮೆ ಒಂದೇ ಗಾತ್ರ. ಮೂರು ಆಯಾಮದ ಎಂಜಿನ್ ಇಟ್ಟುಕೊಂಡೇ ಹಳೆಯ ಚಪ್ಪಟೆ ಆಟದ ಓದುಗುಣವನ್ನು ಮರಳಿ ಪಡೆದ ಜಾಣತನವಿದು. ಎರಡು ಆಟಗಳಲ್ಲೂ ಇನ್ಸರ್ಟ್, ಡಿಲೀಟ್ ಕೀಲಿಗಳಿಂದ ಕ್ಯಾಮೆರಾ ಪಕ್ಕಕ್ಕೆ ತಿರುಗುತ್ತದೆ. ಕೀಲಿ ಬಿಟ್ಟೊಡನೆ ತಾನಾಗಿ ಮೊದಲಿನ ದಿಕ್ಕಿಗೆ ಮರಳುತ್ತದೆ. ಇಣುಕಿ ನೋಡಲು ಅವಕಾಶವಿದೆ, ದಾರಿ ತಪ್ಪಲು ಇಲ್ಲ.

ಜೂಮ್: ಸುಪ್ರೀಮ್ ಕಮಾಂಡರ್

ಕ್ರಿಸ್ ಟೇಲರ್ ಗ್ಯಾಸ್ ಪವರ್ಡ್ ಗೇಮ್ಸ್‌ನಲ್ಲಿ ತಯಾರಿಸಿದ ಸುಪ್ರೀಮ್ ಕಮಾಂಡರ್ (2007) ಕ್ಯಾಮೆರಾದ ಇತಿಹಾಸದಲ್ಲಿ ಅತಿ ದೊಡ್ಡ ತಿರುವು ಎಂದು ಧೈರ್ಯವಾಗಿ ಹೇಳಬಹುದು. ಅದರ ದೊಡ್ಡ ರಣರಂಗ 81 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಮೌಸ್ ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತ ಹೋದರೆ ಟ್ಯಾಂಕು ಚಿಕ್ಕದಾಗಿ, ಆಮೇಲೆ ಕಾಣದಾಗಿ, ಅದರ ಜಾಗದಲ್ಲಿ ಒಂದು ಚಿಹ್ನೆ ನಿಲ್ಲುತ್ತದೆ. ಚಿಹ್ನೆಯ ಆಕಾರ ಅದು ನೆಲದ್ದೋ, ವಿಮಾನವೋ, ಹಡಗೋ ಎಂದು ಹೇಳುತ್ತದೆ. ಒಳಗಿನ ಗೆರೆಗಳು ತಂತ್ರಜ್ಞಾನದ ಮಟ್ಟವನ್ನು ತಿಳಿಸುತ್ತವೆ. ಕೊನೆಗೆ ಇಡೀ ಭೂಪಟ ಪರದೆಯಲ್ಲಿ ಅಡಕವಾಗುತ್ತದೆ. ಅಲ್ಲಿಂದಲೂ ಅಪ್ಪಣೆ ಕೊಡಬಹುದು ಎಂಬುದೇ ಮುಖ್ಯ.

ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ ಕ್ಯಾಮೆರಾ ಪರದೆಯ ನಡುವಿಗೆ ಇಳಿಯುವುದಿಲ್ಲ, ಮೌಸ್ ತುದಿ ಎಲ್ಲಿದೆಯೋ ಅಲ್ಲಿಗೆ ಇಳಿಯುತ್ತದೆ. ಆಗ್ನೇಯದ ಗಣಿಯಿಂದ ವಾಯವ್ಯದ ಬಂದರಿಗೆ ಹೋಗಬೇಕೆಂದರೆ ಹಿಂದಕ್ಕೊಮ್ಮೆ ತಿರುಗಿಸಿ, ಮೌಸನ್ನು ಬಂದರಿನ ಮೇಲಿಟ್ಟು, ಮುಂದಕ್ಕೊಮ್ಮೆ ತಿರುಗಿಸಿದರಾಯಿತು. ಪರದೆಯ ಅಂಚಿಗೆ ಮೌಸ್ ತಳ್ಳಿ ಕ್ಯಾಮೆರಾ ಸರಿಯಲೆಂದು ಕಾಯುವ ಕೆಲಸ ತಪ್ಪಿತು. ಇಡೀ ರಣರಂಗವನ್ನು ಚಿಕ್ಕದಾಗಿ ತೋರಿಸುವ ಮೂಲೆಯ ಮಿನಿಮ್ಯಾಪ್ ಕೂಡ ಬಹುಮಟ್ಟಿಗೆ ಬೇಡವಾಯಿತು. ಪರದೆಯನ್ನು ಎರಡು ಭಾಗ ಮಾಡಿ, ಅಥವಾ ಎರಡನೆಯ ಮಾನಿಟರ್ ಇಟ್ಟು, ಒಂದರಲ್ಲಿ ಸಮಗ್ರ ನೋಟ, ಇನ್ನೊಂದರಲ್ಲಿ ಕದನದ ಮುಖ ನೋಡಿಕೊಳ್ಳಲೂ ಬರುತ್ತಿತ್ತು. ಟೀಕೆಯೂ ಇದೆ. ಬಹುಪಾಲು ಹೊತ್ತು ಚಿಹ್ನೆಗಳನ್ನೇ ನೋಡುತ್ತ ಆಡುವುದರಿಂದ, ಕಷ್ಟಪಟ್ಟು ರೂಪಿಸಿದ ದೈತ್ಯ ಯಂತ್ರಗಳು ಕಣ್ಣಿಗೆ ಬೀಳುವುದೇ ಅಪರೂಪ. ಟೀಕೆ ಸರಿಯೇ. ಆದರೆ ಅಷ್ಟು ದೊಡ್ಡ ಯುದ್ಧವನ್ನು ಬೇರಾವ ರೀತಿಯಲ್ಲೂ ನಡೆಸಲಾಗದು.

ಅನಂತರ ಸಿನ್ಸ್ ಆಫ್ ಎ ಸೋಲಾರ್ ಎಂಪೈರ್ (2008) ಒಂದು ಹಡಗಿನಿಂದ ಹಲವು ಗ್ರಹಮಂಡಲಗಳವರೆಗೆ ಇದೇ ಚಕ್ರವನ್ನು ಎಳೆಯಿತು. ಯೂಜೆನ್ ಸಿಸ್ಟಮ್ಸ್‌ನ ರೂಸ್ (2010) ಪೂರ್ತಿ ಹಿಂದಕ್ಕೆ ಹೋದಾಗ ರಣರಂಗವನ್ನು ಸೇನಾ ಕಚೇರಿಯ ಮೇಜಿನ ಮೇಲಿನ ನಕಾಶೆಯಾಗಿಯೂ ಪಡೆಗಳನ್ನು ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳಾಗಿಯೂ ತೋರಿಸಿತು. ಏಜ್ ಆಫ್ ಎಂಪೈರ್ಸ್ 2ರ 2019ರ ಹೊಸ ಆವೃತ್ತಿಗೂ ಜೂಮ್ ಸೇರಿತು. ಏಜ್ ಆಫ್ ಎಂಪೈರ್ಸ್ 4 (2021) ಬಿಡುಗಡೆಗೆ ಮೊದಲಿನ ಪರೀಕ್ಷೆಯಲ್ಲಿ ಆಡಿದವರು ಕ್ಯಾಮೆರಾ ನೆಲಕ್ಕೆ ತೀರ ಹತ್ತಿರವಾಯಿತೆಂದು ದೂರಿದರು. ತಯಾರಕರು ಅದನ್ನು ಇನ್ನಷ್ಟು ಹಿಂದಕ್ಕೆ ಸರಿಯುವಂತೆ ಮಾಡಿದರು.

ಕ್ಯಾಮೆರಾದ ನೋಟ, ಸೈನಿಕನ ನೋಟ

ತಿರುಗಿಸಿದರೆ ಬೆಟ್ಟದ ಆಚೆಗಿನ ಶತ್ರುವೂ ಕಾಣುತ್ತಾನೆಂದು ಹೊಸಬರು ತಿಳಿಯುವುದುಂಟು. ಹಾಗಾಗುವುದಿಲ್ಲ. ಶತ್ರು ಕಾಣಬೇಕಾದರೆ ನಮ್ಮ ಯಾವುದಾದರೂ ಯೂನಿಟ್‌ನ ದೃಷ್ಟಿಗೆ ಅವನು ಬೀಳಬೇಕು; ಉಳಿದ ಜಾಗವನ್ನೆಲ್ಲ ಆಟ ಮಂಜಿನಿಂದ ಮುಚ್ಚಿರುತ್ತದೆ. ರೆಲಿಕ್‌ನ ಕಂಪನಿ ಆಫ್ ಹೀರೋಸ್ 2 (2013) ಈ ಲೆಕ್ಕವನ್ನು ಇನ್ನೂ ಬಿಗಿ ಮಾಡಿತು. ಗೋಡೆ, ಬೇಲಿ, ಹೊಗೆ ಎಲ್ಲವೂ ಸೈನಿಕನ ದೃಷ್ಟಿಯನ್ನು ತಡೆಯುತ್ತವೆ. ಇಂಥ ಆಟದಲ್ಲಿ ಕ್ಯಾಮೆರಾ ತಗ್ಗಿಸಿ, ತಿರುಗಿಸಿ ನೋಡಿದರೆ ಶತ್ರು ಸಿಗುವುದಿಲ್ಲ. ನಮ್ಮ ಮೆಷಿನ್‌ಗನ್ ತಂಡದ ಎದುರಿನ ಬೇಲಿ ಎಲ್ಲಿ ಮುಗಿಯುತ್ತದೆ, ಯಾವ ಮುರುಕು ಗೋಡೆ ಆಸರೆಗೆ ಸಾಕು ಎಂಬುದು ತಿಳಿಯುತ್ತದೆ. ಈ ಸರಣಿಯಲ್ಲಿ ಆಲ್ಟ್ ಕೀಲಿ ಹಿಡಿದು ಮೌಸ್ ಎಳೆದರೆ ಕ್ಯಾಮೆರಾ ತಿರುಗುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಮೂಲ ಕೋನಕ್ಕೆ ಮರಳುತ್ತದೆ. ತಿರುಗಿಸಲು ಬಿಡುವ ಪ್ರತಿ ಆಟದಲ್ಲೂ ಇಂಥ ಮರಳುವ ಕೀಲಿ ಇರಲೇಬೇಕು. ಇಲ್ಲದ ಆಟದಲ್ಲಿ ಜನ ಒಮ್ಮೆ ತಿರುಗಿಸಿ, ಗಲಿಬಿಲಿಗೊಂಡು, ಆಮೇಲೆ ಆ ಸೌಲಭ್ಯವನ್ನು ಮುಟ್ಟುವುದನ್ನೇ ಬಿಡುತ್ತಾರೆ.

ಕ್ಯಾಮೆರಾ ನಡೆಸಲು ಕೈ ಬೇಕು, ಗಮನ ಬೇಕು. ಆದ್ದರಿಂದ ಸ್ವತಂತ್ರ ಕ್ಯಾಮೆರಾ ಚೆನ್ನಾಗಿ ಹೊಂದಿಕೊಂಡದ್ದು ಬೇರೆ ಕೆಲಸಗಳನ್ನು ತೆಗೆದುಹಾಕಿದ ಆಟಗಳಲ್ಲಿ. ಮ್ಯಾಸಿವ್ ಎಂಟರ್‌ಟೈನ್‌ಮೆಂಟ್‌ನ ವರ್ಲ್ಡ್ ಇನ್ ಕಾನ್‌ಫ್ಲಿಕ್ಟ್‌ನಲ್ಲಿ (2007) ನೆಲೆ ಕಟ್ಟುವುದಿಲ್ಲ, ಕೈಗೆ ಬರುವ ಯೂನಿಟ್‌ಗಳೂ ಕೆಲವೇ. ಎಡಗೈ ಪೂರ್ತಿ ಕ್ಯಾಮೆರಾಕ್ಕೆ ಮೀಸಲು. ಟೋಟಲ್ ವಾರ್ ಸರಣಿಯ ರೋಮ್ (2004) ಮೂರು ಬಗೆಯ ಕ್ಯಾಮೆರಾ ಕೊಟ್ಟಿತು. ಒಂದು ಸರಣಿಯ ರೂಢಿಯದು, ಇನ್ನೊಂದು ಇತರ ಆರ್‌ಟಿಎಸ್ ಆಟಗಳ ಬಗೆಯದು, ಮೂರನೆಯದು ಸೇನಾಧಿಪತಿಯ ಬಳಿಗೇ ಕಟ್ಟುಬಿದ್ದದ್ದು. ಮೂರನೆಯದನ್ನು ಆರಿಸಿಕೊಂಡು ಆಡಿದರೆ ದೂರದ ಎಡಪಕ್ಕದ ಪಡೆ ಮುರಿದು ಓಡುವುದು ತಡವಾಗಿ ತಿಳಿಯುತ್ತದೆ. ಸ್ವಾತಂತ್ರ್ಯ ಕಳೆದರೂ ಆಟಕ್ಕೆ ಬೇರೆಯೇ ತೂಕ ಬರುತ್ತದೆಂಬುದಕ್ಕೆ ಇದು ಸಾಕ್ಷಿ.

ಪಂದ್ಯದಲ್ಲಿ ಕ್ಯಾಮೆರಾದ ಮಿತಿ

ಹಣ, ಹೆಸರು ಪಣಕ್ಕಿರುವ ಪಂದ್ಯಗಳಲ್ಲಿ ಕ್ಯಾಮೆರಾದ ಎತ್ತರ ಆಟದ ನಿಯಮಗಳಲ್ಲೊಂದು. ಇಬ್ಬರಲ್ಲಿ ಒಬ್ಬರಿಗೆ ಹೆಚ್ಚು ನೆಲ ಕಂಡರೆ ಅವರಿಗೆ ದಾಳಿಯ ಸುಳಿವು ಮೊದಲೇ ಸಿಗುತ್ತದೆ. ಆದ್ದರಿಂದ ನಿಗದಿಗಿಂತ ಹಿಂದಕ್ಕೆ ಸರಿಯುವ ಜೂಮ್ ಹ್ಯಾಕ್‌ಗಳನ್ನು ಮೋಸವೆಂದೇ ಎಣಿಸುತ್ತಾರೆ. ಪರದೆಯ ಆಕಾರದಿಂದಲೂ ಇಂಥ ವ್ಯತ್ಯಾಸ ಬರುತ್ತದೆ. ಸ್ಟಾರ್‌ಕ್ರಾಫ್ಟ್ 2ರಲ್ಲಿ ಹಳೆಯ ಚೌಕಾಕಾರದ ಮಾನಿಟರಿಗಿಂತ ಅಗಲ ಮಾನಿಟರಿನಲ್ಲಿ ಪಕ್ಕದ ನೆಲ ಹೆಚ್ಚು ಕಾಣುತ್ತದೆ. ಬಾಗಿದ ಕ್ಯಾಮೆರಾದ ಇನ್ನೊಂದು ಗುಣ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ: ಅದು ಹಿಡಿಯುವ ನೆಲ ಆಯತವಲ್ಲ, ಮೇಲ್ಗಡೆ ಅಗಲವಾದ ಸಮಲಂಬ. ಮಿನಿಮ್ಯಾಪಿನ ಮೇಲೆ ಕಾಣುವ ಬಿಳಿ ಚೌಕಟ್ಟನ್ನು ಗಮನಿಸಿದರೆ ಇದು ಗೊತ್ತಾಗುತ್ತದೆ. ಉತ್ತರಕ್ಕೆ ನೋಟ ದೂರ ಹೋಗುತ್ತದೆ, ದಕ್ಷಿಣಕ್ಕೆ ಬೇಗ ಕಡಿಯುತ್ತದೆ. ಈ ಪ್ರಕಾರದ ಕವಲಾದ ಡೋಟಾ 2ರಲ್ಲಿ ಭೂಪಟದ ಯಾವ ಬದಿಯ ತಂಡಕ್ಕೆ ಇದರಿಂದ ಅನುಕೂಲ ಎಂಬ ಚರ್ಚೆ ಬಹುಕಾಲದಿಂದ ನಡೆದಿದೆ.

ಕ್ಯಾಮೆರಾ ನಡೆಸುವುದೇ ಎಷ್ಟು ದೊಡ್ಡ ಕೌಶಲ ಎಂಬುದನ್ನು 2019ರ ಜನವರಿಯಲ್ಲಿ ಒಂದು ಯಂತ್ರ ತೋರಿಸಿಕೊಟ್ಟಿತು. ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಸ್ಟಾರ್ ಎಂಬ ಕೃತಕ ಬುದ್ಧಿಮತ್ತೆ ಸ್ಟಾರ್‌ಕ್ರಾಫ್ಟ್ 2ರಲ್ಲಿ ಟಿಎಲ್‌ಒ, ಮಾನಾ ಎಂಬ ಹೆಸರಿನಲ್ಲಿ ಆಡುವ ಇಬ್ಬರು ವೃತ್ತಿಪರರನ್ನು ತಲಾ 5–0ಯಿಂದ ಸೋಲಿಸಿತ್ತು. ಆ ಪಂದ್ಯಗಳಲ್ಲಿ ಅದಕ್ಕೆ ಕ್ಯಾಮೆರಾ ಸರಿಸುವ ತಾಪತ್ರಯ ಇರಲಿಲ್ಲ. ತನ್ನ ಯೂನಿಟ್‌ಗಳ ದೃಷ್ಟಿಗೆ ಬಿದ್ದದ್ದೆಲ್ಲ, ಭೂಪಟದ ಯಾವ ಮೂಲೆಯದಾದರೂ ಒಟ್ಟಿಗೆ ತಿಳಿಯುತ್ತಿತ್ತು. ಮನುಷ್ಯರಂತೆ ಕ್ಯಾಮೆರಾ ಸರಿಸುತ್ತಲೇ ಆಡುವ, ಹೊಸದಾಗಿ ತರಬೇತಿ ಪಡೆದ ಆವೃತ್ತಿಯೊಂದನ್ನು ನೇರ ಪ್ರಸಾರದಲ್ಲಿ ಮಾನಾ ಎದುರು ಇಳಿಸಿದಾಗ ಅದು ಸೋತಿತು. ಸೋಲಿಗೆ ಬೇರೆ ಕಾರಣಗಳೂ ಇರಬಹುದು. ಆದರೂ ಎಲ್ಲಿ ನೋಡಬೇಕೆಂದು ಆರಿಸುವುದು ಎಲ್ಲಿ ಹೊಡೆಯಬೇಕೆಂದು ಆರಿಸುವಷ್ಟೇ ಆಟದ ಭಾಗ ಎಂಬುದನ್ನು ಆ ಪ್ರಯೋಗ ಮನಗಾಣಿಸಿತು.

ದಿಕ್ಕು, ಯಂತ್ರ, ಸಾಧನ

ತಿರುಗಿದ ಕ್ಯಾಮೆರಾದಿಂದ ಬರುವ ಮುಖ್ಯ ತೊಡಕು ಮಿನಿಮ್ಯಾಪಿನೊಂದಿಗೆ ಹೊಂದಿಕೆ ತಪ್ಪುವುದು. ಪರದೆಯಲ್ಲಿ ಬಲಕ್ಕಿರುವ ಶತ್ರು ಮಿನಿಮ್ಯಾಪಿನಲ್ಲಿ ಮೇಲಿರುತ್ತಾನೆ. ಮಿನಿಮ್ಯಾಪನ್ನೂ ಜೊತೆಗೆ ತಿರುಗಿಸಿದರೆ ಈ ತೊಡಕು ತಪ್ಪುತ್ತದೆ, ಭೂಪಟದ ಆಕಾರದ ನೆನಪು ಹೋಗುತ್ತದೆ. ಪ್ಲಾನೆಟರಿ ಅನಿಹಿಲೇಷನ್ (2014) ಯುದ್ಧವನ್ನು ಗೋಳಾಕಾರದ ಗ್ರಹಗಳ ಮೇಲೆ ನಡೆಸಿದ್ದರಿಂದ ತೊಡಕು ಇನ್ನೂ ಹೆಚ್ಚಿತು. ಅಲ್ಲಿ ಧ್ರುವ ಯಾವಾಗಲೂ ಮೇಲ್ಗಡೆ ಇರುವಂತೆ ಬಂಧಿಸುವ ಆಯ್ಕೆಯನ್ನು ಕೊಡಬೇಕಾಯಿತು.

ಯಂತ್ರದ ಮೇಲಿನ ಭಾರವೂ ಕಡಿಮೆಯೇನಲ್ಲ. ಕ್ಯಾಮೆರಾದ ದೂರ ಎರಡು ಪಟ್ಟಾದರೆ ಕಾಣುವ ನೆಲ ನಾಲ್ಕು ಪಟ್ಟು. ದಿಗಂತ ಕಾಣುವಷ್ಟು ತಗ್ಗಿಸಿದರೆ ಭೂಪಟದ ಕೊನೆಯವರೆಗಿನ ಎಲ್ಲವನ್ನೂ ಚಿತ್ರಿಸಬೇಕು. ದೂರದ ವಸ್ತುಗಳಿಗೆ ಸರಳ ರೂಪ ಬಳಸುವುದು, ಮಂಜು ಹಾಕಿ ದೂರವನ್ನು ಕಡಿಯುವುದು ಇದಕ್ಕೆ ಕಂಡುಕೊಂಡ ಉಪಾಯಗಳು. ಅನೇಕ ಆಟಗಳು ಬಾಗುವ ಕೋನಕ್ಕೆ ಮಿತಿ ಹಾಕಿರುವುದಕ್ಕೆ ಈ ಖರ್ಚೂ ಒಂದು ಕಾರಣ.

ಕೀಲಿಮಣೆ ಇಲ್ಲದ ಸಾಧನಗಳಲ್ಲಿ ಕತೆ ಬೇರೆ. ಎಕ್ಸ್‌ಬಾಕ್ಸ್ 360ಕ್ಕೆ ಬಂದ ಹೇಲೋ ವಾರ್ಸ್ (2009) ಕಂಟ್ರೋಲರ್‌ನ ಬಲಗಡೆಯ ಕಡ್ಡಿಯನ್ನು ಕ್ಯಾಮೆರಾಕ್ಕೇ ಮೀಸಲಿಟ್ಟಿತು. ಐಪ್ಯಾಡಿಗೆ ಬಂದ ರೋಮ್: ಟೋಟಲ್ ವಾರ್ (2016), ಕಂಪನಿ ಆಫ್ ಹೀರೋಸ್ (2020) ಬೆರಳುಗಳಿಂದಲೇ ಹತ್ತಿರ ದೂರ ಮಾಡಿಕೊಳ್ಳಲು ಬಿಟ್ಟವು. ಕಣ್ಣು ಮಂದವಿರುವವರಿಗೆ ಹತ್ತಿರ ತರುವ ಜೂಮ್ ಇದ್ದರೆ ಮಾತ್ರ ಆಡಲು ಸಾಧ್ಯ; ಬಿರುಸಾಗಿ ತಿರುಗುವ ಕ್ಯಾಮೆರಾದಿಂದ ತಲೆಸುತ್ತು ಬರುವವರಿಗೆ ಅದನ್ನು ನಿಲ್ಲಿಸಿಡುವ ಆಯ್ಕೆ ಬೇಕು.

ಕ್ಯಾಮೆರಾದ ಆಯ್ಕೆಯನ್ನು ಅತ್ಯಂತ ಉದಾರವಾಗಿ ಆಡುವವರಿಗೇ ಬಿಟ್ಟದ್ದು ಸ್ಪ್ರಿಂಗ್ ಎಂಬ ಮುಕ್ತ ತಂತ್ರಾಂಶದ ಎಂಜಿನ್. ಟೋಟಲ್ ಅನಿಹಿಲೇಷನ್‌ನ ಮುಗಿದ ಪಂದ್ಯಗಳ ದಾಖಲೆಗಳನ್ನು ಮೂರು ಆಯಾಮದಲ್ಲಿ, ಬೇಕಾದ ಕೋನದಿಂದ ನೋಡಬೇಕೆಂದು ಅದರ ಅಭಿಮಾನಿಗಳ ಗುಂಪೊಂದು ಬರೆದ ವೀಕ್ಷಕ ತಂತ್ರಾಂಶ ಅದರ ಮೂಲ. ನೋಡುವ ಕ್ಯಾಮೆರಾ ಮೊದಲು ಬಂತು, ಅದರ ಸುತ್ತ ಆಟ ಬೆಳೆಯಿತು. ನೇರ ಮೇಲಿನ ನೋಟ, ಸುತ್ತ ತಿರುಗುವ ನೋಟ, ಹಾರುವ ನೋಟ ಇವುಗಳಲ್ಲಿ ಬೇಕಾದ್ದನ್ನು ಅದರಲ್ಲಿ ಆಡುವವರೇ ಆರಿಸಿಕೊಳ್ಳಬಹುದು. ಝೀರೋ-ಕೆ, ಬಿಯಾಂಡ್ ಆಲ್ ರೀಸನ್ ಎಂಬ ಉಚಿತ ಆಟಗಳು ಈ ಎಂಜಿನ್‌ನ ಬಳಗದಿಂದಲೇ ಬಂದವು.